ಹುಣಸೆಮರ, ತೆಳು ಹಗ್ಗ, ನಾಲ್ಕನೇ ಸುತ್ತು (ಭಾಗ 4)

ಹೋದ ವರ್ಷ ಕೂಡ್ಲಿಗಿ ಹತ್ರದ ಹೊಲದಲ್ಲಿ ಹುಣಸೆ ಬಡಿಯೋಕೆ ಹತ್ತಿದ ನಮ್ಮ ಕಾಕಾ ಒಣಕೊಂಬೆ ಮುರಿದು ಬಿದ್ರು. ಸೊಂಟ ಇನ್ನೂ ಸರಿ ಇಲ್ಲ. ಈ ಸಲ ಹತ್ತೋ ಪಾಳಿ ನಂದು. ಹಗ್ಗ ಇಲ್ದೆ ಹತ್ತಲ್ಲ ಅಂದೆ. "ಬಿಕಾಂ ಓದಿ ಮರಕ್ಕೂ ಲೆಕ್ಕ ಹಾಕ್ತೀಯೇನಲೇ" ಅಂತ ನಕ್ರು.

ಬಾದಾಮಿಯಲ್ಲಿ ಬಂಡೆ ಹತ್ತೋ ಕ್ಯಾಂಪಿಗೆ ಹೋದಾಗ ಪ್ರೂಸಿಕ್ ಗಂಟು ಕಲಿತಿದ್ದೆ. 1931ರಲ್ಲಿ ಆಸ್ಟ್ರಿಯಾದ ಕಾರ್ಲ್ ಪ್ರೂಸಿಕ್ ಪರಿಚಯಿಸಿದ್ದು. ಹುರಿಯ ಕುಣಿಕೆಯನ್ನ ಹಗ್ಗಕ್ಕೆ ಸುತ್ತಿದ್ರೆ, ಭಾರ ಬಿದ್ದಾಗ ಕಚ್ಚುತ್ತೆ, ಭಾರ ತೆಗೆದ್ರೆ ಸರಿಯುತ್ತೆ. ಅಲ್ಲಿ ಹಗ್ಗ ದಪ್ಪ, ಮೂರು ಸುತ್ತು ಸಾಕಿತ್ತು. ನನ್ನ ಹತ್ರ ಇದ್ದದ್ದು 9 ಮಿ.ಮೀ. ಹಗ್ಗ, 6 ಮಿ.ಮೀ. ಹುರಿ. ದಪ್ಪನೆಯ ಹಸಿ ಕವಲಿಗೆ ಹಗ್ಗ ಕಟ್ಟಿ, ನೆಲದಿಂದ ಮೊಳ ಎತ್ತರದಲ್ಲೇ ಜೋತು ನೋಡಿದೆ. ಸರ್ರಂತ ಜಾರಿ ಕುಂಡಿ ನೆಲಕ್ಕೆ! ಹಗ್ಗ ತೆಳು ಆದ್ರೆ ಹುರಿ ಇನ್ನೂ ತೆಳು ಬೇಕು, ಇಲ್ಲಾಂದ್ರೆ ಸುತ್ತು ಹೆಚ್ಚಬೇಕು. ನಾಲ್ಕನೇದು ಹಾಕಿ, ಸುತ್ತು ಒಂದರ ಮೇಲೊಂದು ಏರದಂಗೆ ಜೋಡಿಸಿದೆ. ಕಚ್ಚಿತು. ಆಮೇಲೆ ಬಿಡಿಸೋಕೆ ಹೋಗಿ ಉಗುರು ಕಿತ್ತೋಯ್ತು.

ಅದಕ್ಕೇ ಇಳಿಯೋಕೆ ಪ್ರೂಸಿಕ್ ಬೇಡ ಅನ್ಸಿತು. ಎಂಟರ ಆಕಾರದ ಡಿಸೆಂಡರ್, ಅದಕ್ಕೆ ತಾಗದಂಗೆ ಕೆಳಗೊಂದು ಆಟೋಬ್ಲಾಕ್ ಗಂಟು. ಇದನ್ನ ಭಾರ ಇದ್ದಾಗಲೂ ಕೈಯಲ್ಲಿ ಸಡಿಲಿಸಬಹುದು. ಆದ್ರೆ ಜೋರಾಗಿ ಇಳಿದ್ರೆ ಉಜ್ಜಿದ ಬಿಸಿಗೆ ನೈಲಾನ್ ಹುರಿ ಕರಗುತ್ತೆ. ಅಂಗಡಿಯ ಪ್ಲಾಸ್ಟಿಕ್ ಹಗ್ಗ ಇನ್ನೂ ಬೇಗ. ಅದು ಎತ್ತು ಕಟ್ಟೋಕೆ ಸರಿ, ನಮಗಲ್ಲ.

ಕಾಕಾ ಬದುವಿನ ಮೇಲೆ ಕೂತು ಎಲ್ಲಾ ನೋಡ್ತಿದ್ರು. ಈ ಸಲ ನಗಲಿಲ್ಲ.

"ನಾಲ್ಕೇನಾ? ಇನ್ನೊಂದು ಸುತ್ತು ಹಾಕಲೇ" ಅಂದ್ರು.

ಹಾಕಿದೆ.

#ಹುಣಸೆ #ಕೂಡ್ಲಿಗಿ