‘ಆ ಫೋಟೋ ತೆಗಿತೀಯಾ?’ (ಊರಿಗೆ ವಾಪಸ್, ಭಾಗ 3)

1/5
ಇವತ್ತಿನದು ಸ್ವಲ್ಪ ಉದ್ದ ಐತೆ. ನಾನು ಮಾಡಿದ ಒಂದು ತಪ್ಪೂ ಇದರಲ್ಲಿದೆ, ಅದಕ್ಕೇ ಬರೆಯೋಕೆ ಇಷ್ಟು ದಿನ ಹಿಡೀತು.

ನಮ್ಮ ಕ್ಲಾಸಿನ ಹುಡುಗ ಒಬ್ಬ ಎಂಟನೇ ಕ್ಲಾಸಿನಲ್ಲಿದ್ದಾಗ ದೂರದ ಊರಿನ ಒಂದು ಕ್ಲಬ್‌ನ ಫುಟ್‌ಬಾಲ್ ಅಕಾಡೆಮಿಗೆ ಸೆಲೆಕ್ಟ್ ಆದ. ಅವನ ಹೆಸರು ಹೇಳಲ್ಲ, ಅಕಾಡೆಮಿ ಹೆಸರೂ ಬೇಡ. ಅವನನ್ನ ಕಳಿಸೋಕೆ ಹಗರಿಬೊಮ್ಮನಹಳ್ಳಿ ಬಸ್ ಸ್ಟ್ಯಾಂಡಿಗೆ ಇಪ್ಪತ್ತು ಜನ ಹೋಗಿದ್ವಿ. ಅವರವ್ವ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟು, ಬಸ್ ಹೊರಟ ಮೇಲೂ ಅಲ್ಲೇ ನಿಂತಿದ್ದರು. ನಾನು ಫೋಟೋ ತೆಗೆದು ‘ನಮ್ಮೂರಿನ ಛೇತ್ರಿ’ ಅಂತ ಪೋಸ್ಟ್ ಹಾಕಿದೆ. ಊರೆಲ್ಲ ಲೈಕ್ ಒತ್ತಿತು.

ಮೂರು ವರ್ಷ ಚಿಲ್ಲರೆ ಆದ ಮೇಲೆ, ಒಂದು ರಾತ್ರಿ ಅವನಿಂದ ಮೆಸೇಜ್ ಬಂತು: ‘ಆ ಫೋಟೋ ತೆಗಿತೀಯಾ?’

ಅವನು ಊರಿಗೆ ಬಂದು ಆಗಲೇ ಒಂಬತ್ತು ದಿನ ಆಗಿತ್ತಂತೆ. ನಮಗ್ಯಾರಿಗೂ ಗೊತ್ತಿರಲಿಲ್ಲ.

2/5
ಹತ್ತು ನಿಮಿಷದ ಮೀಟಿಂಗ್ ಅಂತೆ. ‘ಮುಂದಿನ ಏಜ್ ಗ್ರೂಪಿನಲ್ಲಿ ನಿನಗೆ ಜಾಗ ಇಲ್ಲ’ ಅಂದರು. ಮೂರು ವರ್ಷದ ರಿಪೋರ್ಟ್ ಕೊಡಲಿಲ್ಲ, ಮುಂದೇನು ಅಂತಲೂ ಹೇಳಲಿಲ್ಲ. ಎಸ್‌ಎಸ್‌ಎಲ್‌ಸಿ ಆದಾಗ ‘ಈ ಸೀಸನ್ ಮುಗೀಲಿ, ಪಿಯುಸಿ ಆಮೇಲೆ ನೋಡೋಣ’ ಅಂದಿದ್ದರು. ಬಿಟ್ಟಿದ್ದು ಅಕ್ಟೋಬರ್‌ನಲ್ಲಿ. ಅಷ್ಟೊತ್ತಿಗೆ ಎಲ್ಲ ಕಾಲೇಜಲ್ಲೂ ಅಡ್ಮಿಷನ್ ಮುಗಿದಿತ್ತು. ಒಂದು ವರ್ಷ ಅಲ್ಲೇ ಹೋಯ್ತು.

ಹೊಸಪೇಟೆಯಲ್ಲಿ ಟ್ರೈನ್ ಇಳಿದು, ಯಾರೂ ನೋಡಬಾರದು ಅಂತ ಕತ್ತಲಾಗೋವರೆಗೂ ಸ್ಟೇಷನ್ನಲ್ಲೇ ಕೂತಿದ್ದು ಕೊನೇ ಬಸ್ಸಿಗೆ ಬಂದನಂತೆ. ಬೂಟು ಅಟ್ಟಕ್ಕೆ ಹೋಯ್ತು. ಓಣಿಯವರಿಗೆ ‘ರಜಕ್ಕೆ ಬಂದೀನಿ’ ಅಂದ. ಆ ಸುಳ್ಳು ಎಷ್ಟು ದಿನ ನಡೀತದೆ? ಮಿರ್ಚಿ ಅಂಗಡಿ ಹತ್ರ ಶುರುವಾಯ್ತು: ‘ಯಾಕಲೇ ವಾಪಸ್ ಬಂದೆ? ಏನ್ ಮಾಡಿಕೊಂಡೆ?’ ಏನೋ ಕದ್ದು ಸಿಕ್ಕಿಬಿದ್ದವನಿಗೆ ಕೇಳಿದಂಗೆ.

ನಾನೇನು ಮಾಡಿದೆ? ಫೋಟೋ ತೆಗೆದೆ. ‘ಸರಿ ಮಗಾ’ ಅಂತ ಬರೆದೆ. ಒಂದು ತಿಂಗಳು ಅವನ ಮನೆ ಕಡೆ ಹೋಗಲಿಲ್ಲ. ‘ಅವನಿಗೆ ಸ್ವಲ್ಪ ಟೈಮ್ ಬೇಕು’ ಅಂತ ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕಂದ್ರೆ, ಎದುರಿಗೆ ನಿಂತು ಏನು ಮಾತಾಡಬೇಕು ಅಂತ ನನಗೇ ಗೊತ್ತಿರಲಿಲ್ಲ.

3/5
ಆಮೇಲೆ ಕೂತು ಒಂದು ಲೆಕ್ಕ ಹಾಕಿದೆ. ನೀವೂ ಹಾಕಿ.

ಐಎಸ್‌ಎಲ್ 2024-25ರಲ್ಲಿ ಆಡಿದ್ದು 13 ತಂಡ. ಮೈದಾನದಲ್ಲಿ 11 ಜನ, ಅದರಲ್ಲಿ 4 ಜನ ವಿದೇಶಿಯರು ಇರಬಹುದು. ಉಳಿದಿದ್ದು 7. ಹದಿಮೂರೇಳ್ಲಿ 91. ಇಡೀ ದೇಶದ ಹುಡುಗರು ಟಾಪ್ ಲೀಗಿನಲ್ಲಿ ಗ್ಯಾರಂಟಿ ಅಂತ ನಂಬಬಹುದಾದ ಜಾಗ ಅಷ್ಟೇ. ಅಲ್ಲಿಗೆ ಹೋದವರ ಕಥೆಯೂ ಅಲ್ಲಾಡುತ್ತದೆ: 2025ರ ಜುಲೈನಲ್ಲಿ ಮುಂದಿನ ಸೀಸನ್ನೇ ತಡೆಹಿಡಿದರು, ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಸಂಬಳ ನಿಲ್ಲಿಸಿತು.

ನಮ್ಮ ಕಡೆಯ ಹುಡುಗರಿಗೆ ಈ ಕನಸು ದೂರದ್ದೇನಲ್ಲ. ತೋರಣಗಲ್ಲು ಹತ್ರ ಜಿಂದಾಲ್‌ನವರ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ 2018ರಿಂದ ಇದೆ. ನೀರಜ್ ಚೋಪ್ರಾ ತರಬೇತಿ ಪಡೆದ ಜಾಗ, ಬಿಎಫ್‌ಸಿ ವಸತಿ ಅಕಾಡೆಮಿ ನಡೆಸಿದ ಜಾಗ. (ನಮ್ಮ ಹುಡುಗ ಇದ್ದಿದ್ದು ಅಲ್ಲಲ್ಲ, ಸುಮ್ಮನೆ ಊಹೆ ಮಾಡಬೇಡಿ.) ಸೆಲೆಕ್ಷನ್ ದಿನ ಎಲ್ಲರಿಗೂ ಗೊತ್ತಾಗ್ತದೆ. ಬಿಟ್ಟುಬರೋ ದಿನದ ಬಗ್ಗೆ ಯಾರೂ ಹೇಳಿಕೊಡಲ್ಲ.

ಇಂಗ್ಲೆಂಡಿನಲ್ಲಿ ಈ ಬಗ್ಗೆ ಕೆಲಸ ಶುರುವಾಗಿದೆ. ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಕ್ಲಬ್, ಅಕಾಡೆಮಿಯಿಂದ ಬಿಟ್ಟ ಹುಡುಗರ ಜೊತೆ ಮೂರು ವರ್ಷ ಸಂಪರ್ಕದಲ್ಲಿದ್ದು ಓದು, ಕೆಲಸ, ಮನಸ್ಸಿನ ಆರೋಗ್ಯ ನೋಡಿಕೊಳ್ಳೋ ಯೋಜನೆ ಮಾಡಿದೆ. ಲಿವರ್‌ಪೂಲ್ ಅಕಾಡೆಮಿಯಲ್ಲೇ ಬೆಳೆದ ಟ್ರೆಂಟ್ ಅಲೆಕ್ಸಾಂಡರ್-ಅರ್ನಾಲ್ಡ್, ಇಂಥ ಹುಡುಗರಿಗೆ ಕೆಲಸದ ದಾರಿ ತೋರಿಸೋಕೆ 2023ರಲ್ಲಿ ‘ಆಫ್ಟರ್ ಅಕಾಡೆಮಿ’ ಶುರು ಮಾಡಿದರು. ಗೆದ್ದವನು ತನ್ನ ಜೊತೆ ಆಡಿದವರನ್ನ ಮರೆತಿಲ್ಲ ಅನ್ನೋದು ನನಗೆ ಇಷ್ಟ ಆಯ್ತು.

4/5
ನಮ್ಮ ಹತ್ರ ಕ್ಲಬ್ಬೂ ಇಲ್ಲ, ದುಡ್ಡೂ ಇಲ್ಲ. ಒಂದು ಶನಿವಾರ ಧೈರ್ಯ ಮಾಡಿ ಅವರ ಮನೆಗೆ ಹೋದೆ. ಸಮಾಧಾನದ ಮಾತು ಬಾಯಿಗೆ ಬರಲಿಲ್ಲ. ‘ಏಳು ಜನ ಅದೀವಿ, ಒಬ್ಬ ಕಮ್ಮಿ. ಬರ್ತೀಯಾ?’ ಅಂದೆ.

ಹವಾಯಿ ಚಪ್ಪಲಿಯಲ್ಲಿ ಬಂದ. ಅರ್ಧ ಗಂಟೆ ಬೇಲಿ ಹತ್ರ ನಿಂತಿದ್ದ. ಗೋಲ್‌ಕೀಪರ್ ಹುಡುಗನಿಗೆ ಅವರಪ್ಪ ಫೋನ್ ಮಾಡಿ ಎಮ್ಮೆಗೆ ಮೇವು ಹಾಕೋಕೆ ಕರೆದರು. ಇವನು ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಇಳಿದ. ನಾಲ್ಕನೇ ಶನಿವಾರ ಬೂಟು ಅಟ್ಟದಿಂದ ಕೆಳಗೆ ಬಂತು.

ಆಮೇಲೆ ಕಾಗದದ ಕೆಲಸ. ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಇಂಥವರು ಇದ್ದರೆ ಇದನ್ನ ಸೇವ್ ಮಾಡಿ ಇಟ್ಟುಕೊಳ್ಳಿ:
• ಬಿಡೋ ದಿನವೇ ಮಾರ್ಕ್ಸ್ ಕಾರ್ಡ್, ಟಿಸಿ, ಆಡಿದ ಸರ್ಟಿಫಿಕೇಟ್, ಗಾಯದ ಮೆಡಿಕಲ್ ರಿಪೋರ್ಟ್, ಮ್ಯಾಚ್ ವಿಡಿಯೋ ಕೇಳಿ ಇಸ್ಕೊಳ್ಳಿ.
• ಎಐಎಫ್‌ಎಫ್‌ನ ಸಿಆರ್‌ಎಸ್‌ನಲ್ಲಿ ಹಳೇ ಕ್ಲಬ್‌ನಿಂದ ಹೆಸರು ಬಿಡುಗಡೆ ಆಗಿದೆಯಾ ನೋಡಿ. ಇಲ್ಲದಿದ್ದರೆ ಬೇರೆ ಕ್ಲಬ್ ಸೇರುವಾಗ ತೊಂದರೆ ಆಗ್ತದೆ.
• ಬೆಂಗಳೂರಿನಲ್ಲಿ ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆ ಸೂಪರ್, ಎ, ಬಿ, ಸಿ ಡಿವಿಷನ್ ಲೀಗ್ ನಡೆಸುತ್ತದೆ. ಆಟ ಮುಂದುವರಿಸೋಕೆ ಅದೂ ಒಂದು ಬಾಗಿಲು. ಕೋಚಿಂಗ್ ಲೈಸೆನ್ಸ್, ರೆಫ್ರಿ ಕೆಲಸ ಇನ್ನೆರಡು.
• ಕಾಲೇಜು ಬಿಟ್ಟಿದ್ದರೆ ಮೊದಲು ಕಾಲೇಜು.
• ಮನಸ್ಸು ತುಂಬಾ ಕುಗ್ಗಿದ್ದರೆ ಟೆಲಿ ಮಾನಸ್ 14416. ಫ್ರೀ, ಕನ್ನಡದಲ್ಲೇ ಮಾತಾಡಬಹುದು. ಇದರಲ್ಲಿ ನಾಚಿಕೆ ಪಡೋದು ಏನೂ ಇಲ್ಲ.

5/5
ಜೂನ್‌ನಲ್ಲಿ ಅವನು ಪಿಯುಸಿಗೆ ಸೇರಿದ, ತನಗಿಂತ ಚಿಕ್ಕವರ ಜೊತೆ. ಭಾನುವಾರ ಬೆಳಿಗ್ಗೆ ಓಣಿಯ ಹುಡುಗರಿಗೆ ಬಾಲ್ ಕಂಟ್ರೋಲ್ ಹೇಳಿಕೊಡ್ತಾನೆ. ಎಲ್ಲಾ ಸರಿಹೋಯ್ತು ಅಂತ ಬರೆಯಲ್ಲ. ಟಿವಿಯಲ್ಲಿ ಮ್ಯಾಚ್ ಬಂದರೆ ಈಗಲೂ ಎದ್ದು ಹೊರಗೆ ಹೋಗ್ತಾನೆ.

ಯಾರಾದ್ರೂ ಹಿಂಗೆ ಊರಿಗೆ ಬಂದರೆ ‘ಯಾಕೆ ಬಂದೆ’ ಅಂತ ಕೇಳಬೇಡಿ. ‘ಸಂಜೆ ಗ್ರೌಂಡಿಗೆ ಬರ್ತೀಯಾ?’ ಅಂತ ಕೇಳಿ. ನನ್ನಂಗೆ ಒಂದು ತಿಂಗಳು ಕಾಯಬೇಡಿ.

ಫೋಟೋದಲ್ಲಿ ಇರೋದು ಅವನ ಬೂಟು. ಮುಖ ಬೇಡ ಅಂದ. ಪೋಸ್ಟ್ ಹಾಕೋ ಮುಂಚೆ ಪೂರ್ತಿ ಓದಿಸಿದೆ. ಒಂದೇ ಒಂದು ತಿದ್ದುಪಡಿ ಹೇಳಿದ: ‘ಒಂಬತ್ತು ದಿನ ಅಲ್ಲ ಲೇ, ಹನ್ನೊಂದು.’

#ಊರಿಗೆವಾಪಸ್ #ಹಗರಿಬೊಮ್ಮನಹಳ್ಳಿ #ಒಬ್ಬಕಮ್ಮಿ