ಆಶಾ ಕಾರ್ಯಕರ್ತೆಗೆ ಬಾಗಿಲು ತೆರೆದ ದಿನ

ಅದು 2020ರ ಏಪ್ರಿಲ್ ತಿಂಗಳು. ಲಾಕ್‌ಡೌನ್‌ನಿಂದಾಗಿ ಬೈಲಹೊಂಗಲದ ನಮ್ಮ ಓಣಿಯಲ್ಲಿ ಎಲ್ಲ ಬಾಗಿಲುಗಳೂ ಮುಚ್ಚಿದ್ದವು. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದ ನನ್ನ ಮಗಳಿಗೆ ಆಗ ಎಂಟು ತಿಂಗಳು. ಗುಲಾಬಿ ಸೀರೆಯುಟ್ಟ ಆಶಾ ಕಾರ್ಯಕರ್ತೆ ರಿಜಿಸ್ಟರ್ ಹಿಡಿದು ಬಾಗಿಲು ಬಡಿದಾಗ, "ಮನ್ಯಾಗ ಯಾರೂ ಇಲ್ಲ" ಎಂದು ನಾನೇ ಒಳಗಿನಿಂದ ಕೂಗಿದೆ. ಈಗ ನೆನೆದರೆ ನಗುವೂ ಬರುತ್ತದೆ, ನಾಚಿಕೆಯೂ ಆಗುತ್ತದೆ.

ನಮ್ಮ ಹೆದರಿಕೆಗೆ ಕಾರಣವಿತ್ತು. ಕೆಲವೇ ತಿಂಗಳ ಹಿಂದೆ ಎನ್‌ಆರ್‌ಸಿಯ ಗದ್ದಲ ಎದ್ದಿತ್ತು. ಯಾರು ಬಂದು ಹೆಸರು ಕೇಳಿದರೂ ದಾಖಲೆ ಕೇಳಲು ಬಂದವರೆಂದೇ ಅಂದುಕೊಳ್ಳುತ್ತಿದ್ದೆವು. ಆ ತಿಂಗಳ ಆರಂಭದಲ್ಲೇ ಬೆಂಗಳೂರಿನ ಒಂದು ಬಡಾವಣೆಯಲ್ಲಿ ಸಮೀಕ್ಷೆಗೆ ಹೋದ ಆಶಾ ಕಾರ್ಯಕರ್ತೆಯರ ಮೇಲೆ ಜನ ಮುಗಿಬಿದ್ದಿದ್ದರು. ಭಯ ಎಷ್ಟೇ ಇರಲಿ, ಅದು ಒಪ್ಪತಕ್ಕದ್ದಲ್ಲ.

ಮರುದಿನವೂ ಅವರು ಬಂದರು. ನಾನು ಬಾಗಿಲು ತೆಗೆಯಲಿಲ್ಲ. ಮೂರನೆಯ ದಿನ ಬಿಸಿಲಿನಲ್ಲಿ ನಿಂತೇ ಹೇಳಿದರು: "ಅಕ್ಕಾರ, ನಾ ಏನೂ ಬರಕೊಳ್ಳೂದಿಲ್ರಿ. ಪುಸ್ತಕ ಕಟ್ಟಿ ಮ್ಯಾಲ ಇಟ್ಟೇನಿ. ಮಗಳ ಕಾಲು ಬಾತಾವೇನು, ಅಷ್ಟ ಹೇಳ್ರಿ."

ಕಾಲು ಬಾತಿದ್ದವು. ಎರಡು ದಿನದಿಂದ ತಲೆನೋವೆಂದು ಮಲಗಿದ್ದಳು. ನಾನು ಬಿಸಿಲಿನ ತಾಪ ಎಂದುಕೊಂಡಿದ್ದೆ. ಬಾಗಿಲು ತೆಗೆದೆ. ಅವರು ಕೂಡಲೇ ಸಿಸ್ಟರ್‌ಗೆ ಫೋನ್ ಮಾಡಿ ಕರೆಸಿದರು. ಬಿಪಿ ತುಂಬಾ ಹೆಚ್ಚಾಗಿತ್ತು. 108ಕ್ಕೆ ಕರೆ ಮಾಡಿ, ಗಾಡಿ ಹತ್ತಿಸಿ, ಬೆಳಗಾವಿಯವರೆಗೂ ಜೊತೆಗೇ ಬಂದರು. ಅಂದೇ ರಾತ್ರಿ ಆಪರೇಷನ್ ಆಯಿತು. ಅಲ್ಲಾಹನ ಕೃಪೆಯಿಂದ ತಾಯಿ, ಮಗು ಇಬ್ಬರೂ ಉಳಿದರು.

ಬಸುರಿಯ ಬಿಪಿ 140/90 ಮುಟ್ಟಿದರೆ ಎಚ್ಚರ ವಹಿಸಬೇಕು. ಅದರ ಜೊತೆ ತೀವ್ರ ತಲೆನೋವು, ಕಣ್ಣು ಮಂಜಾಗುವುದು ಇದ್ದರೆ ತಡಮಾಡಬಾರದು, ಫಿಟ್ಸ್ ಬಂದು ಪ್ರಾಣಕ್ಕೇ ಕುತ್ತಾಗಬಹುದು. ಇದು ನನಗೆ ಗೊತ್ತಾದದ್ದು ಆಮೇಲೆ. ನಮ್ಮ ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲಿ 2014ರಿಂದ 2016ರವರೆಗೆ ಬೆಳಗಾವಿಯ ಜೆ.ಎನ್. ಮೆಡಿಕಲ್ ಕಾಲೇಜಿನವರು ಒಂದು ಅಧ್ಯಯನ ನಡೆಸಿದ್ದರು. ಬಸುರಿಯರ ಬಿಪಿ ನೋಡುವುದನ್ನೂ, ಮೊಬೈಲ್‌ನಲ್ಲಿ ಅಪಾಯ ಲೆಕ್ಕ ಹಾಕುವುದನ್ನೂ ಆಶಾ ಕಾರ್ಯಕರ್ತೆಯರಿಗೆ ಕಲಿಸಿದ್ದರು. ಕಲಿಸಿದರೆ ಕಲಿಯುತ್ತಾರೆ. ಕಲಿತವರಿಗೆ ನಾವು ಕೊಡುವುದೇನು?

ಮಗಳನ್ನು ಮನೆಗೆ ಕರೆತಂದ ಮೇಲೆ 7, 14, 21, 28, 42ನೆಯ ದಿನ ಅವರು ತಪ್ಪದೆ ಬಂದರು. ಮಗುವನ್ನು ತೂಗಿದರು, ಮೈ ಬಿಸಿ ನೋಡಿದರು, ಹಾಲು ಕುಡಿಸುವುದನ್ನು ಮಗಳಿಗೆ ತೋರಿಸಿಕೊಟ್ಟರು. ಈ ಭೇಟಿಗಳಿಗೆಲ್ಲ ಸೇರಿ ಸಿಗುವುದು 250 ರೂಪಾಯಿ ಎಂದು ತಿಳಿದಾಗ ನನಗೆ ನಂಬಲಾಗಲಿಲ್ಲ. ಸಂಬಳವಲ್ಲ, ಗೌರವಧನ ಮತ್ತು ಕೆಲಸಕ್ಕೆ ತಕ್ಕ ಪ್ರೋತ್ಸಾಹಧನ. 2005ರಲ್ಲಿ ಯೋಜನೆ ಶುರುವಾದಾಗಿನಿಂದ ಅವರ ಹೆಸರು ಸ್ವಯಂಸೇವಕಿ ಎಂದೇ. ಸಾವಿರ ಜನಸಂಖ್ಯೆಗೆ ಒಬ್ಬರು. ಕಿತ್ತೂರು, ಸವದತ್ತಿ, ರಾಮದುರ್ಗದ ನೆಂಟರನ್ನು ಕೇಳಿದೆ. ಎಲ್ಲ ಕಡೆಯೂ ಅದೇ ಕಥೆ. ಮಾಡಿದ ಕೆಲಸ ಮೊಬೈಲ್‌ನಲ್ಲಿ ತುಂಬಬೇಕು, ನೆಟ್‌ವರ್ಕ್ ಸಿಗದಿದ್ದರೆ ದುಡ್ಡು ತಡ.

2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶದ ಆಶಾ ಕಾರ್ಯಕರ್ತೆಯರಿಗೆಲ್ಲ ಪ್ರಶಸ್ತಿ ಕೊಟ್ಟಿತು. ಅಭಿನಂದಿಸಲು ಹೋದಾಗ "ಪ್ರಶಸ್ತಿ ಕುದಿಸಿ ಉಣ್ಣಾಕ ಬರೂದಿಲ್ರಿ ಅಕ್ಕಾರ" ಎಂದು ನಕ್ಕರು. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲೇ ಧರಣಿ ಕುಳಿತವರಲ್ಲಿ ಅವರೂ ಇದ್ದರು. ಏಪ್ರಿಲ್‌ನಿಂದ ತಿಂಗಳಿಗೆ ಕನಿಷ್ಠ 10,000 ರೂಪಾಯಿ ಎಂಬ ಭರವಸೆ ಸಿಕ್ಕಿ ಊರಿಗೆ ಬಂದರು. ಆಗಸ್ಟ್‌ನಲ್ಲಿ ಮತ್ತೆ ಧರಣಿಗೆ ಹೋಗಬೇಕಾಯಿತು.

ಮೊನ್ನೆ ಮಧ್ಯಾಹ್ನ ಬಂದಿದ್ದರು. ಮೊಮ್ಮಗಳು ನೀರು ತಂದುಕೊಟ್ಟಳು. ಕುಡಿದು ಲೋಟ ಕೆಳಗಿಡುತ್ತ ಕೇಳಿದರು:

"ಓಣಿ ಕಡೀಮನಿಯವರು ಬಾಗ್ಲಾ ತಗೀವಲ್ರು. ಹೊಸಾ ಸೊಸಿಗೆ ಐದ್ರಾಗ ಐತಂತ. ನೀವು ಒಂದೀಟು ಬರ್ತೀರೇನ್ರಿ?"

ಒಲೆ ಆರಿಸಿ, ಬುರ್ಖಾ ಹಾಕಿಕೊಂಡು ಅವರ ಜೊತೆ ಹೊರಟೆ.