ಹಿತ್ತಿಲ ಹೂವೂ ಏಡಿಗಂತಿಯೂ

ಶ್ರೀರಂಗಪಟ್ಟಣದ ಹೊಳೆದಂಡೆಯಿಂದ ಪಾಂಡವಪುರವನ್ನು ಹಾದು ನಾಗಮಂಗಲದ ಬೆದ್ದಲು ಸೀಮೆಯವರೆಗೆ ಕಾಶಿಕಣಗಿಲೆಯು ವಾಚಕರೆಲ್ಲರಿಗೂ ಪರಿಚಿತವಾದ ಗಿಡ. ವರ್ಷವೆಲ್ಲ ಹೂ ಬಿಡುವುದರಿಂದ ಇದಕ್ಕೆ ಸದಾಪುಷ್ಪವೆಂಬ ಹೆಸರೂ ಉಂಟು. ಕೆನಡಾ ದೇಶದ ನೋಬಲ್ ಮತ್ತು ಬಿಯರ್ ಎಂಬ ವಿದ್ವಾಂಸರು ಮಧುಮೇಹದ ಮದ್ದನ್ನರಸುತ್ತ ಇದರ ಎಲೆಗಳನ್ನು ಪರೀಕ್ಷಿಸಿ, ಕ್ಯಾನ್ಸರಿನ ಔಷಧವಾದ ವಿನ್‌ಬ್ಲಾಸ್ಟಿನ್ನನ್ನು ಬೇರ್ಪಡಿಸಿ 1958ರಲ್ಲಿ ಲೋಕಕ್ಕೆ ತಿಳಿಸಿದರು. ವಿನ್‌ಕ್ರಿಸ್ಟಿನ್ ಎಂಬುದು ಅದೇ ಗಿಡದ ಇನ್ನೊಂದು ಔಷಧ.

ಗ್ರೀಕರು ಈ ರೋಗಕ್ಕೆ ಏಡಿಯ ಹೆಸರನ್ನಿಟ್ಟರು, ನಮ್ಮವರು ಏಡಿಗಂತಿಯೆಂದರು. ಮೊದಲೇ ಇದ್ದ ಅರ್ಬುದದ ಮೇಲೆ ಮತ್ತೊಂದು ಹುಟ್ಟಿದರೆ ಅದನ್ನು ಸುಶ್ರುತಸಂಹಿತೆಯು ಅಧ್ಯರ್ಬುದವೆಂದು ಕರೆಯುವುದು. ಗಂತಿಯು ಬೆಳೆಯುವುದಕ್ಕಿಂತಲೂ ಅದರ ಕಣಗಳು ಸಂಚರಿಸಿ ಬೇರೆಡೆ ನೆಲೆಯೂರುವುದೇ ಹೆಚ್ಚಿನ ಅಪಾಯ.

ಸಂಚಾರಕ್ಕೆ ಸಾಧನವೇನು? ಪ್ರತಿಯೊಂದು ಜೀವಕಣದೊಳಗೂ ಅತಿಸೂಕ್ಷ್ಮವಾದ ಹಂದರವೊಂದಿರುವುದು. ಅದರ ಕೆಲವು ಎಳೆಗಳು ಕಣದ ಅಂಚನ್ನು ಮುಂದಕ್ಕೆ ನೂಕುವುವು. ಕೊಳವೆಯಂತಿರುವ ಇತರ ಎಳೆಗಳು ದಿಕ್ಕನ್ನು ನಿಲ್ಲಿಸಿ, ಸಾಮಗ್ರಿಯನ್ನು ಸಾಗಿಸಿ, ಕಣವು ಎರಡಾಗುವಾಗ ಅದರ ವರ್ಣತಂತುಗಳನ್ನು ಪಾಲುಮಾಡುವುವು. ಈ ಕೊಳವೆಗಳು ಮದುವೆಯ ಚಪ್ಪರದಂತೆ. ಕಟ್ಟುವುದೂ ಬಿಚ್ಚುವುದೂ ಸದಾ ನಡೆದಿರಬೇಕು. ಕಾಶಿಕಣಗಿಲೆಯ ಮದ್ದು ಕಟ್ಟಲು ಬಿಡದು. ಅಮೆರಿಕದ ಯೂ ಮರದಿಂದ ಬಂದ ಟ್ಯಾಕ್ಸಾಲ್ ಬಿಚ್ಚಲು ಬಿಡದು. ಎರಡರಿಂದಲೂ ಕಣದ ವಿಭಜನೆಯು ನಿಲ್ಲುವುದು. ವಿಭಜನೆಯನ್ನು ತಡೆಯಲಾರದಷ್ಟು ಅಲ್ಪಪ್ರಮಾಣದಲ್ಲಿಯೂ ಕಣಗಳ ನಡಿಗೆಯು ಕುಂಠಿತವಾಗುವುದು ಪ್ರಯೋಗಶಾಲೆಗಳಲ್ಲಿ ಕಂಡುಬಂದಿದೆ. ಆದರೆ ದೇಹದಲ್ಲಿ ರೋಗದ ಹರಡುವಿಕೆಯನ್ನು ಇವು ತಪ್ಪದೆ ತಡೆಯುವುವೆಂದು ಇದರಿಂದ ಹೇಳಲಾಗದು.

ಕೃಷ್ಣರಾಜಪೇಟೆಯ ಕಡೆಯ ನಮ್ಮ ಪರಿಚಿತರೊಬ್ಬರ ಮನೆಯಾಕೆಗೆ ವಿನ್‌ಕ್ರಿಸ್ಟಿನ್ ಸೂಜಿಮದ್ದು ನಡೆಯುತ್ತಿತ್ತು. ಬೆರಳುಗಳು ಜೋಮು ಹಿಡಿದು, ಹೂ ಕಟ್ಟುವಾಗ ನೂಲು ಕೈಗೆ ತಿಳಿಯದಾಯಿತು. “ಮೇಷ್ಟ್ರೇ, ಸೂಜಿಯನ್ನು ಬಿಟ್ಟು ಹಿತ್ತಿಲ ಎಲೆಯ ಕಷಾಯವನ್ನೇ ಕೊಡಬಾರದೆ? ಗಿಡ ಒಂದೇ ತಾನೆ?” ಎಂದು ಅವರು ಕೇಳಿದರು.

ಕೊಡಬಾರದೆಂದೇ ನಾವು ಹೇಳಿದೆವು. ಬೆನ್ನುಹುರಿಯ ಬಳಿಯಿಂದ ಬೆರಳ ತುದಿಯವರೆಗೆ ನರಗಳಿಗೆ ಆಹಾರವನ್ನೊಯ್ಯುವುದೂ ಅಂಥ ಕೊಳವೆಗಳೇ, ಆದುದರಿಂದಲೇ ಜೋಮು. ಎಲೆಯಲ್ಲಿ ಮದ್ದಿನ ಅಂಶ ಅತ್ಯಲ್ಪ. ಅದರೊಡನೆ ಬೇರೆ ವಿಷಗಳೂ ಉಂಟು. ವೈದ್ಯರು ಮಿಲಿಗ್ರಾಂ ಲೆಕ್ಕದಲ್ಲಿ ಅಳೆದು ರಕ್ತನಾಳಕ್ಕೆ ಕೊಡುವುದನ್ನು ಒಲೆಯ ಮೇಲಣ ಪಾತ್ರೆಯಲ್ಲಿ ಅಳೆಯುವ ಬಗೆಯೆಂತು? ಜೋಮನ್ನು ವೈದ್ಯರಿಗೆ ಮರೆಯದೆ ತಿಳಿಸಿದರೆ ಅವರು ಪ್ರಮಾಣವನ್ನು ತಗ್ಗಿಸಬಲ್ಲರು; ಮದ್ದು ಮುಗಿದ ಮೇಲೆ ಅದು ಅನೇಕರಲ್ಲಿ ಮೆಲ್ಲಮೆಲ್ಲನೆ ಇಳಿಯುವುದೂ ಉಂಟು.

ಹೂವು ದೇವರ ಮನೆಗೆ ಸಲ್ಲಲಿ. ಮದ್ದನ್ನು ಬಲ್ಲವರ ಕೈಯಿಂದಲೇ ಪಡೆಯುವುದು ಗೃಹಸ್ಥರಿಗೆ ಕ್ಷೇಮ.